ತಿರುಗಿ ಬರುತ್ತೇವೆ ಎಂದು ಹೇಳಿ ಹೋದವರು

ಸಾಲಿಗ್ರಾಮ
ಜುಲೈ 31

ಪ್ರೀತಿಯ ಮಾಣಿ,

ಹಡಗು ಮಾರಿಷಸ್ಸಿಗೆ ಹೊರಟಿದೆ, ಇನ್ನು ಮುಂದೆ ರಾತ್ರಿಯ ವಾಚ್ ನನ್ನದೇ ಎಂದು ನೀನು ಬರೆದದ್ದು ಓದಿದೆ. ಅಮ್ಮನಿಗೂ ಓದಿ ಹೇಳಿದೆ. ‘ಹೊತ್ತಿಗ್ ಸರಿಯಾಯ್ ಉಣ್ಕ್ ಅಂತ್ ಹೇಳ್’ ಎಂದರು. ನನಗೆ ಹೇಳಲು ಬೇರೊಂದು ಇದೆ, ಸ್ವಲ್ಪ ಉದ್ದವಾಗುತ್ತದೆ. ವಾಚ್ ಮುಗಿದ ಮೇಲೆ ಓದು.

ನಿನ್ನ ನಕ್ಷೆಯಲ್ಲಿ ಮಡಗಾಸ್ಕರಿನ ಪೂರ್ವಕ್ಕೆ ಟ್ರೋಮೆಲಿನ್ ಎಂಬ ಚುಕ್ಕೆ ಸಿಗುತ್ತದೆ. 1,700 ಮೀಟರ್ ಉದ್ದ, 700 ಮೀಟರ್ ಅಗಲದ ಮರಳು. ಅತಿ ಎತ್ತರದ ಜಾಗವೂ ಕಡಲಿನಿಂದ ಏಳೇ ಮೀಟರ್ ಮೇಲೆ. 1761ರ ಜುಲೈ 31ರ ರಾತ್ರಿ ಫ್ರೆಂಚ್ ಈಸ್ಟ್ ಇಂಡಿಯಾ ಕಂಪನಿಯ ‘ಯುಟಿಲ್’ ಎಂಬ ಹಡಗು ಅಲ್ಲಿನ ಹವಳದ ದಂಡೆಗೆ ಬಡಿದು ಒಡೆಯಿತು. ಹಡಗಿನಲ್ಲಿದ್ದ ಎರಡು ನಕ್ಷೆಗಳು ಒಂದಕ್ಕೊಂದು ಹೊಂದುತ್ತಿರಲಿಲ್ಲ. ಹಾಗಿದ್ದೂ ಕಪ್ತಾನ ರಾತ್ರಿ ಹಾಯಿ ಇಳಿಸಲಿಲ್ಲ. ಹಡಗಿನ ಹೊಟ್ಟೆಯೊಳಗೆ ಕಳ್ಳಸಾಗಣೆಯ ಸರಕು ಇತ್ತು. ಮಡಗಾಸ್ಕರಿನಿಂದ ತುಂಬಿಕೊಂಡಿದ್ದ ಸುಮಾರು 160 ಜನ ಗುಲಾಮರು. ಅವರ ತಲೆಯ ಮೇಲಿನ ಬಾಗಿಲುಗಳನ್ನು ಮುಚ್ಚಿಟ್ಟಿದ್ದರು. ಹಡಗಿನ ಮೈ ಸೀಳಿದಾಗ ಹೊರಬಂದವರು ಅರ್ಧದಷ್ಟು, ಉಳಿದವರು ಆ ಕತ್ತಲಲ್ಲೇ ಮುಳುಗಿದರು.

ದಡ ಸೇರಿದವರಿಗೆ ಕುಡಿಯಲು ನೀರಿಲ್ಲ. ಹಡಗಿನಿಂದ ಉಳಿದ ಅಷ್ಟಿಷ್ಟು ನಾವಿಕರ ಪಾಲಾಯಿತು. ಸುಮಾರು ಐದು ಮೀಟರ್ ಆಳದ ಬಾವಿ ತೋಡಿ ನೀರು ಸಿಗುವಷ್ಟರಲ್ಲಿ ಎಷ್ಟೋ ಮಲಗಾಸಿಗಳು, ಅಂದರೆ ಮಡಗಾಸ್ಕರಿನ ಆ ಜನ, ಬಾಯಾರಿ ಸತ್ತಿದ್ದರು. ಕಪ್ತಾನನ ಬುದ್ಧಿ ಕೆಟ್ಟಿತು. ಕಾಸ್ಟೆಲಾನ್ ಎಂಬ ಅಧಿಕಾರಿ ಯಜಮಾನಿಕೆ ವಹಿಸಿಕೊಂಡು ಒಡೆದ ಮರದಿಂದಲೇ ಒಂದು ದೋಣಿ ಕಟ್ಟಿಸಿದ. ಅದಕ್ಕೆ ಬೆವರು ಹರಿಸಿದವರಲ್ಲಿ ಮಲಗಾಸಿಗಳೂ ಇದ್ದರು. ಸೆಪ್ಟೆಂಬರ್ 27ರಂದು 122 ಫ್ರೆಂಚರು ಅದರಲ್ಲಿ ಹೊರಟರು. ಸುಮಾರು 60 ಮಲಗಾಸಿಗಳು ಮರಳಿನ ಮೇಲೆ ಉಳಿದರು. ಕೈಯಲ್ಲಿ ಮೂರು ತಿಂಗಳಿಗಾಗುವಷ್ಟು ಆಹಾರ, ಕಿವಿಯಲ್ಲಿ ಒಂದು ಮಾತು: ತಿರುಗಿ ಬರುತ್ತೇವೆ.

ಬರಲಿಲ್ಲ, ಮಾಣಿ. ಕಾಸ್ಟೆಲಾನ್ ಕೊಟ್ಟ ಮಾತನ್ನು ಮರೆತವನಲ್ಲ. ಹಡಗು ಕೊಡಿ ಎಂದು ಕೇಳಿದ. ಫ್ರೆಂಚ್ ಗವರ್ನರ್ ಕೊಡಲಿಲ್ಲ. ಯುದ್ಧ ಇದೆ ಎಂದರು, ಯುದ್ಧ ಮುಗಿಯಿತು, ಆಮೇಲೂ ಯಾರೂ ಹೊರಡಲಿಲ್ಲ. 1775ರಲ್ಲಿ ಒಂದು ಹಡಗು ಹೋಗಿ ದಡಕ್ಕೆ ಹತ್ತಲಾಗದೆ ಮರಳಿತು. ಅದರ ಒಬ್ಬ ನಾವಿಕ ಅಲ್ಲೇ ಸಿಕ್ಕಿಬಿದ್ದ. ಮುಂದೆ ಅವನೂ ಕೆಲವರೂ ಸೇರಿ ತೆಪ್ಪ ಕಟ್ಟಿಕೊಂಡು ಹೊರಟರು. ಅವರು ಎಲ್ಲೂ ದಡ ಸೇರಲಿಲ್ಲ. ಕೊನೆಗೆ 1776ರ ನವೆಂಬರ್ 29ರಂದು ಟ್ರೋಮೆಲಿನ್ ಎಂಬ ಅಧಿಕಾರಿಯ ಹಡಗು ತಲುಪಿದಾಗ ಅಲ್ಲಿದ್ದವರು ಏಳು ಹೆಂಗಸರು ಮತ್ತು ಎಂಟು ತಿಂಗಳ ಒಂದು ಗಂಡುಮಗು. ಹದಿನೈದು ವರ್ಷ! ದ್ವೀಪಕ್ಕೆ ಆ ಅಧಿಕಾರಿಯ ಹೆಸರು ಉಳಿಯಿತು. ಅಲ್ಲಿ ಬದುಕಿದ ಹೆಂಗಸರ ಹೆಸರು ಇಟ್ಟಿದ್ದರೆ ನ್ಯಾಯವಾಗುತ್ತಿತ್ತು ಎಂದು ನನಗೆ ಈಗಲೂ ಅನ್ನಿಸುತ್ತದೆ.

2006ರಿಂದ ಮ್ಯಾಕ್ಸ್ ಗೆರೂ ಎಂಬ ಪುರಾತತ್ವಜ್ಞರ ತಂಡ ಆ ಮರಳನ್ನು ಅಗೆಯಿತು. ಸಿಕ್ಕಿದ್ದು ಏನು ಗೊತ್ತಾ? ಕಡಲಹಕ್ಕಿಗಳ ಮತ್ತು ಆಮೆಗಳ ಮೂಳೆ. ಮತ್ತೆ ಮತ್ತೆ ತೇಪೆ ಹಾಕಿ ಉಳಿಸಿಕೊಂಡ ತಾಮ್ರದ ಪಾತ್ರೆಗಳು, ತಾಮ್ರದಲ್ಲೇ ಮಾಡಿದ ಚಮಚಗಳು. ದಪ್ಪ ಗೋಡೆಯ ಸಣ್ಣ ಸಣ್ಣ ಕಲ್ಲಿನ ಮನೆಗಳು. ಅವರ ನಾಡಿನಲ್ಲಿ ಕಲ್ಲು ಕಟ್ಟುತ್ತಿದ್ದದ್ದು ಗೋರಿಗೆ ಮಾತ್ರ. ಚಂಡಮಾರುತಕ್ಕೆ ಬೇರೇನೂ ನಿಲ್ಲದ ಆ ಜಾಗದಲ್ಲಿ ಅವರು ಗೋರಿಯ ಕಲ್ಲಿನೊಳಗೇ ಸಂಸಾರ ಮಾಡಿದರು. ಬಾಣಂತನವೂ ಅಲ್ಲೇ ಆಯಿತು. ಆ ಮಗುವಿನ ತಾಯಿಯೂ ಅಜ್ಜಿಯೂ ಬದುಕಿ ಬಂದ ಏಳು ಜನರಲ್ಲಿದ್ದರು. ಬಾವಿ ಇತ್ತು, ಹಕ್ಕಿ ಇತ್ತು, ಬದುಕುವ ಕೈಗುಣ ಇತ್ತು. ಅವರಿಗೆ ಬೇಕಿದ್ದದ್ದು ಒಂದು ಹಡಗು, ಅದು ಇನ್ನೊಬ್ಬರ ಕೈಯಲ್ಲಿತ್ತು. ಆ ದ್ವೀಪದ ಕಥೆಯಲ್ಲಿ ನನ್ನನ್ನು ನಡುಗಿಸುವುದು ಇದೇ.

ನಮ್ಮ ಕಡಲಿಗೆ ಬಾ. ‘ಸುವರ್ಣ ತ್ರಿಭುಜ’ ನಿನಗೆ ನೆನಪಿದ್ದೇ ಇದೆ. 2018ರ ಡಿಸೆಂಬರ್ 13ರಂದು ಮಲ್ಪೆಯಿಂದ ಹೊರಟ ಬೋಟು, ಏಳು ಜನ, 15ರ ನಂತರ ಮಾತೇ ಇಲ್ಲ. ಎಲ್ಲೋ ಬದುಕಿದ್ದಾರೆ, ಯಾವುದೋ ದಡದಲ್ಲಿ ಹಸಿದು ಕೂತಿದ್ದಾರೆ ಎಂದೇ ಕರಾವಳಿಯ ಮನೆಮನೆ ನಂಬಿತ್ತು. ಜನವರಿ 6ರಂದು ಮೀನುಗಾರರು ಸಾವಿರಾರು ಸಂಖ್ಯೆಯಲ್ಲಿ ಉಡುಪಿಗೆ ಬಂದು ಹೆದ್ದಾರಿ ತಡೆದರು. ಹುಡುಕಿ, ಹುಡುಕಿ ಎಂಬ ಒಂದೇ ಬೇಡಿಕೆ. ಮೇ ತಿಂಗಳಲ್ಲಿ ನೌಕಾಪಡೆಯ ‘ನಿರೀಕ್ಷಕ್’ ಹಡಗು ಮಾಲ್ವಣದ ಆಚೆ ಸುಮಾರು 60 ಮೀಟರ್ ಆಳದಲ್ಲಿ ಬೋಟಿನ ಅವಶೇಷ ಕಂಡಿತು. ಏಳು ಜನ ಬರಲಿಲ್ಲ. ಆದರೂ ರಸ್ತೆಗೆ ಇಳಿದ ಆ ಜನರ ಬಗ್ಗೆ ನನಗೆ ತುಂಬ ಗೌರವ. ಫ್ರೆಂಚರ ಆ ದ್ವೀಪದವರಿಗೆ ಹೀಗೆ ದಾರಿ ತಡೆದು ಕೇಳುವವರು ಇರಲಿಲ್ಲ.

2021ರ ಮೇ ತಿಂಗಳ ತೌಕ್ತೆ ಚಂಡಮಾರುತದಲ್ಲಿ ಕೇಳುವವರೂ ಇದ್ದರು, ಹೋಗುವವರೂ ಇದ್ದರು. ‘ಕೋರಮಂಡಲ್ ಸಪೋರ್ಟರ್ 9’ ಎಂಬ ಟಗ್ಗು ಎಂಜಿನ್ ಕೋಣೆಗೆ ನೀರು ನುಗ್ಗಿ, ಮೂಲ್ಕಿಯಾಚೆಯ ಬಂಡೆಗಳ ಬಳಿ ಸಿಕ್ಕಿಬಿತ್ತು. ಮೇಲೆ ಒಂಬತ್ತು ಜನ. ಕರೆಂಟಿಲ್ಲ, ಸುತ್ತ ಹುಚ್ಚೆದ್ದ ಕಡಲು. ಮೊದಲ ಯತ್ನಗಳು ಫಲಿಸಲಿಲ್ಲ. ಬಿಡಲಿಲ್ಲ. 17ರಂದು ಕರಾವಳಿ ರಕ್ಷಣಾ ಪಡೆಯ ‘ವರಾಹ’ ಐವರನ್ನು ತೆಗೆದುಕೊಂಡಿತು, ನೌಕಾಪಡೆಯ ಹೆಲಿಕಾಪ್ಟರ್ ನಾಲ್ವರನ್ನು ಮೇಲೆತ್ತಿತು. ಒಂಬತ್ತಕ್ಕೆ ಒಂಬತ್ತೂ ಜನ ಬಂದರು. ಅದೇ ಗಾಳಿಯಲ್ಲಿ ಮಗುಚಿದ ‘ಅಲಯನ್ಸ್’ ಎಂಬ ಟಗ್ಗಿನಿಂದ ಮೂವರು ಈಜಿ ದಡ ಸೇರಿದರು. ಉಳಿದವರಿಗೆ ಆ ಭಾಗ್ಯ ಇರಲಿಲ್ಲ.

ಇಲ್ಲಿ ಬೋಟುಗಳ ಮಳೆಗಾಲದ ನಿಷೇಧ ಇವತ್ತಿಗೆ ಮುಗಿಯುತ್ತದೆ. ಗಾಳಿ ನೋಡಿಕೊಂಡು ಕೋಡಿ ಕನ್ಯಾನದವರು, ಗಂಗೊಳ್ಳಿಯವರು, ಮಲ್ಪೆಯವರು ಇಳಿಯುತ್ತಾರೆ. ಅವರ ದಾರಿಯಲ್ಲೇ ನಿನ್ನಂಥವರ ದೊಡ್ಡ ಹಡಗುಗಳು ಹಾಯುವುದು. ಅದಕ್ಕೇ ಇಷ್ಟು ಬರೆದೆ.

ಕಡಲಲ್ಲಿ ಅಪಾಯದಲ್ಲಿರುವವರ ಸುದ್ದಿ ಸಿಕ್ಕ ಹಡಗು ನೆರವಿಗೆ ಧಾವಿಸಬೇಕು, ಹೋಗಲಾಗದಿದ್ದರೆ ಕಾರಣವನ್ನು ಲಾಗ್‌ಬುಕ್ಕಿನಲ್ಲಿ ಬರೆಯಬೇಕು ಎಂಬುದು ಈಗ ಅಂತರರಾಷ್ಟ್ರೀಯ ಕಾನೂನು. ಅದನ್ನು ನೀನು ಪರೀಕ್ಷೆಗೆ ಓದಿದ್ದೀಯ. ಬೆಳಗಿನ ಜಾವ ಮೂರು ಗಂಟೆಗೆ ಸಣ್ಣ ಬೆಳಕೊಂದು ಅಲ್ಲಾಡಿದಂತೆ ಕಂಡರೆ, ‘ಏನೂ ಇರಲಿಕ್ಕಿಲ್ಲ’ ಎಂದು ನಿನ್ನ ಮನಸ್ಸು ಹೇಳಿದರೂ ಕ್ಯಾಪ್ಟನ್‌ರನ್ನು ಎಬ್ಬಿಸು. ಅವರು ಬೈದರೆ ಬೈಸಿಕೋ. ಹಡಗು ತಡವಾದರೆ ಆಗಲಿ. ಯಾರಿಗಾದರೂ ಬರುತ್ತೇವೆ ಎಂದು ರೇಡಿಯೋದಲ್ಲಿ ಹೇಳಿದರೆ, ಹೋಗು.

ನಿನ್ನ ಅಕ್ಕ