ಹೊಳೆಗೆ ಸಲ್ಲತಕ್ಕ ಮರ್ಯಾದೆ

ತಂಬಿಗೆಯಲ್ಲಿರುವ ನೀರು ನಾವು ಬಾಗಿಸಿದತ್ತ ಬಾಗುವದು. ಕೊಡದಲ್ಲಿರುವ ನೀರು ಹೆಣ್ಣುಮಕ್ಕಳ ಸೊಂಟವನ್ನೇರಿ ಸುಮ್ಮನೆ ಮನೆಗೆ ಬರುವದು. ಈ ದಿನದಿನದ ಬಳಕೆಯಿಂದ ನಮಗೆ ನೀರಿನಲ್ಲಿ ಒಂದು ಬಗೆಯ ಸಲಿಗೆ ಬೆಳೆದಿರುತ್ತದೆ. ಆದರೆ ಅದೇ ನೀರು ಹೊಳೆಯಾಗಿ ಹರಿಯತೊಡಗಿತೆಂದರೆ ಅಲ್ಲಿ ಸಲಿಗೆಯು ಸಲ್ಲದು, ಮರ್ಯಾದೆಯೊಂದೇ ಸಲ್ಲತಕ್ಕದ್ದು. ಅಫಜಲಪುರದ ಸೀಮೆಯಲ್ಲಿ ಭೀಮೆಯ ದಂಡೆಯ ಮೇಲೆ ಬೆಳೆದ ನನಗೆ ಹಿರಿಯರು ಕಲಿಸಿದ ಮೊದಲನೆಯ ಪಾಠವೇ ಇದು.

ಭೀಮೆಯು ನಮ್ಮ ಹೊಳೆಯಾದರೂ ನಮ್ಮಲ್ಲಿ ಹುಟ್ಟಿದವಳಲ್ಲ. ಪುಣೆ ಜಿಲ್ಲೆಯ ಭೀಮಾಶಂಕರದ ಬೆಟ್ಟಗಳಲ್ಲಿ ಹುಟ್ಟಿ, ಪಂಢರಪುರವನ್ನು ಹಾಯ್ದು, ನಮ್ಮ ಅಫಜಲಪುರ ಜೇವರ್ಗಿಗಳ ಎರೆ ಭೂಮಿಯನ್ನು ತಣಿಸಿ, ಒಟ್ಟು 861 ಕಿಲೋಮೀಟರು ನಡೆದು ರಾಯಚೂರಿನ ಬದಿಯಲ್ಲಿ ಕೃಷ್ಣೆಯನ್ನು ಕೂಡುವಳು. ಆಳಂದದ ಕಡೆಯಿಂದ ಬರುವ ಅಮರ್ಜೆಯು ಗಾಣಗಾಪುರದ ಸಂಗಮದಲ್ಲಿ ಇವಳ ಕೈ ಹಿಡಿಯುವಳು. ಹೀಗಿರುವದರಿಂದ ನಮ್ಮ ಮೇಲಿನ ಆಕಾಶವನ್ನು ನೋಡಿ ಹೊಳೆಯ ಮನಸ್ಸನ್ನು ಅಳೆಯಲಾಗದು. ನಮ್ಮಲ್ಲಿ ತೊಗರಿಯು ಒಂದು ಹನಿ ಮಳೆಗಾಗಿ ಬಾಯಿ ತೆರೆದು ನಿಂತಿರುವಾಗಲೇ, ಮೇಲೆ ಘಟ್ಟದಲ್ಲಿ ಮಳೆಯಾಗಿ ಉಜನಿ ಮತ್ತು ವೀರ ಜಲಾಶಯಗಳ ಬಾಗಿಲುಗಳನ್ನು ತೆರೆದರೆ, ಬಿಸಿಲು ಕಾಯುವ ಹಗಲಿನಲ್ಲಿಯೇ ಇಲ್ಲಿ ಹೊಳೆಯು ಏರಿ ಬರುವದು. ಮೇಲೂ ಮಳೆ, ಇಲ್ಲಿಯೂ ಮಳೆಯಾದ 2020ರ ಅಕ್ಟೋಬರದಲ್ಲಂತೂ ದಂಡೆಯ ಹಳ್ಳಿಗಳ ಎಷ್ಟೋ ಸಂಸಾರಗಳು ಮನೆಮಾರು ಬಿಟ್ಟು ಎತ್ತರದ ಜಾಗವನ್ನು ಸೇರಬೇಕಾಯಿತು.

ಕೆಲವು ವರ್ಷಗಳ ಹಿಂದೆ ಶ್ರಾವಣದಲ್ಲಿ ನನ್ನ ಅಕ್ಕನ ಮಗನು ಪಟ್ಟಣದಿಂದ ಬಂದಿದ್ದನು. ಈಜುಕೊಳದಲ್ಲಿ ಕಲಿತು ಪಂದ್ಯಗಳಲ್ಲಿ ಬಹುಮಾನ ಪಡೆದ ಹುಡುಗ. ಆಕಾಶವು ತಿಳಿಯಾಗಿತ್ತು; ಹೊಳೆಯು ಕೆಂಪಗೆ ಹರಿಯುತ್ತಿತ್ತು. ದಂಡೆಯಲ್ಲಿ ಬಲೆ ಹೆಣೆಯುತ್ತ ಕುಳಿತಿದ್ದ ವೃದ್ಧ ಅಂಬಿಗನಿಗೆ, “ಮುತ್ಯಾ, ಆಚೆಯ ದಂಡೆಯನ್ನು ಮುಟ್ಟಿ ಬರುತ್ತೇನೆ” ಎಂದನು. ಮುದುಕನು ಬೇಡವೆನ್ನಲಿಲ್ಲ. “ತಮ್ಮಾ, ನಿನಗ ಈಜ ಬರ್ತದ, ಖರೆ ಅದ. ಆದರ ಹೊಳಿ ಏರ್ಲಾಕತ್ತದೋ ಇಳಿಲಾಕತ್ತದೋ, ಮೊದಲ ಅದನ್ನ ನೋಡು” ಎಂದು ಹೇಳಿ, ನೀರಿನ ಅಂಚಿಗೆ ಒಂದು ಕಡ್ಡಿಯನ್ನು ನೆಡಿಸಿದನು. ನಾವು ಕಟ್ಟಿಕೊಂಡು ಬಂದಿದ್ದ ರೊಟ್ಟಿಯ ಗಂಟು ಬಿಚ್ಚಿ ಉಂಡು ಕೈ ತೊಳೆಯುವಷ್ಟರಲ್ಲಿ ಕಡ್ಡಿಯ ತುದಿಯು ಕಾಣದಾಯಿತು. ನಡುಹೊಳೆಯಲ್ಲಿ ಒಂದು ಜಾಲಿಯ ಮರವು ಬೇರುಸಹಿತ ತಿರುಗುತ್ತ ಹೋಯಿತು. ಹುಡುಗನು ಮಾತಾಡದೆ ಅಂಗಿಯನ್ನು ತೊಟ್ಟುಕೊಂಡನು. “ಶಾಣ್ಯಾ ಇದ್ದಿ” ಎಂದ ಮುದುಕನು ಮತ್ತೆ ಬಲೆಗೆ ಕೈ ಹಚ್ಚಿದನು.

ಆ ಮರವನ್ನು ಹೊತ್ತೊಯ್ದ ಬಲವು ಎಷ್ಟಿರಬಹುದೆಂದು ವಾಚಕರು ಲೆಕ್ಕ ಹಾಕಿ ನೋಡಬಹುದು. ಒಂದು ಕ್ಯೂಸೆಕ್ಸ್ ಎಂದರೆ ಸೆಕೆಂಡಿಗೆ ಸುಮಾರು 28 ಲೀಟರು, ಎಂದರೆ ಎರಡು ಕೊಡ ನೀರು. ಒಂದು ಲಕ್ಷ ಕ್ಯೂಸೆಕ್ಸ್ ಹರಿಯುವಾಗ ಸೆಕೆಂಡಿಗೆ 28 ಲಕ್ಷ ಲೀಟರಿಗೂ ಮಿಕ್ಕ ನೀರು ನಮ್ಮೆದುರು ಸಾಗುವದು. ಮೇಲಾಗಿ, ಹರಿವಿನ ವೇಗವು ಇಮ್ಮಡಿಯಾದರೆ ಅದರ ತಳ್ಳುವ ಬಲವು ನಾಲ್ಮಡಿಯಾಗುವದು. ಮೊಣಕಾಲುದ್ದದ ನೀರೇ ಎಂದು ಮುಳುಗಿದ ಸೇತುವೆಯ ಮೇಲೆ ಕಾಲಿಟ್ಟವರು ಕೊಚ್ಚಿಹೋಗುವದು ಇದರಿಂದಲೇ. ಮರಳು ತೆಗೆದ ಗುಂಡಿಗಳು ನೀರಿನ ಕೆಳಗೆ ಕಾಣುವದಿಲ್ಲ. ಸೊನ್ನದಂಥ ಬ್ಯಾರೇಜುಗಳ ಬುಡದಲ್ಲಿ ಧುಮುಕಿದ ನೀರು ಹಿಂದಕ್ಕೆ ಹೊರಳುವದರಿಂದ, ಸಿಕ್ಕವನು ಎಷ್ಟೇ ಗಟ್ಟಿಗನಾದರೂ ಹೊರಬರುವದು ಕಠಿಣ.

ಕಡಲಿನವರ ಅನುಭವವೂ ಇದಕ್ಕೆ ಬೇರೆಯಲ್ಲ. ನಮ್ಮ ಕರಾವಳಿಯ ಮುಲ್ಕಿಯಲ್ಲಿ ಈಗ ಹಲಗೆಯ ಮೇಲೆ ನಿಂತು ಅಲೆಯನ್ನೇರುವ ಆಟವನ್ನು ಕಲಿಸುವರು. ಈ ಆಟದ ತವರಾದ ಹವಾಯಿ ದ್ವೀಪಗಳಲ್ಲಿ ಚಳಿಗಾಲಕ್ಕೆ ಮನೆಯೆತ್ತರದ ಅಲೆಗಳು ಏಳುತ್ತವೆ. ಅವನ್ನು ಎಬ್ಬಿಸಿದ ಬಿರುಗಾಳಿಯು ಸಾವಿರಾರು ಮೈಲಿಗಳಾಚೆ, ಉತ್ತರದ ಸಾಗರದಲ್ಲಿ ಬೀಸಿರುತ್ತದೆ. ದಂಡೆಯಲ್ಲಿಯಾದರೋ ಆಕಾಶವು ನಿರ್ಮಲ! ನಮ್ಮ ಭೀಮೆಯಂತೆ ಅಲ್ಲಿಯೂ ಅಪಾಯವು ಕಾಣದ ಊರಿನಿಂದ ಬರುವದು. ಅಲೆಗಳು ತಂಡತಂಡವಾಗಿ ಬಂದು ನಡುವೆ ಶಾಂತವಾಗುವದುಂಟು. ಹೊಸಬನು ಆ ಶಾಂತಿಯನ್ನು ನಂಬಿ ಇಳಿಯುವನು. ಬಲ್ಲವನು ಮೊದಲು ದಂಡೆಯಲ್ಲಿ ಬಹಳ ಹೊತ್ತು ಕುಳಿತು ನೋಡುವನು. ತನ್ನ ಶಕ್ತಿಗೆ ಮೀರಿದುದೆಂದು ತೋರಿದರೆ ಹಲಗೆಯನ್ನು ಹೊತ್ತು ಮನೆಗೆ ತಿರುಗುವನು. ಅದನ್ನು ಅವರಲ್ಲಿ ಯಾರೂ ಹೇಡಿತನವೆನ್ನುವದಿಲ್ಲ.

ನಮ್ಮ ತಾಯಂದಿರು ಹೊಳೆಗೆ ಅರಿಸಿನ ಕುಂಕುಮವನ್ನೇರಿಸಿ ಉಡಿ ತುಂಬುವರು. ಆ ಪೂಜೆಯ ಅರ್ಥವನ್ನು ಮಕ್ಕಳಿಗೆ ನಡತೆಯಲ್ಲಿಯೂ ಕಲಿಸಬೇಕು. ಅವರಿಗೆ ಈಜನ್ನು ಅವಶ್ಯವಾಗಿ ಕಲಿಸೋಣ. ಅದರ ಸಂಗಡಲೇ ನೀರು ಕೆಂಪಾದಾಗ, ನೊರೆ ಕಸ ತೇಲಿ ಬಂದಾಗ ದಂಡೆಯಿಂದ ಹಿಂದೆ ಸರಿಯುವದನ್ನೂ ಕಲಿಸೋಣ. ಯಾರಾದರೂ ಮುಳುಗುತ್ತಿದ್ದರೆ ಒಮ್ಮೆಲೆ ಜಿಗಿಯದೆ ಹಗ್ಗವನ್ನೋ ಉದ್ದ ಗಳವನ್ನೋ ಬಾಯಿ ಮುಚ್ಚಿದ ಬರಿಗೊಡವನ್ನೋ ಅವರತ್ತ ಚಾಚಬೇಕೆಂದು ಹೇಳಿಕೊಡೋಣ; ಏಕೆಂದರೆ ಒಬ್ಬನನ್ನು ಉಳಿಸಹೋಗಿ ಇನ್ನೊಬ್ಬನು ಹೋಗುವದು ಹೊಳೆಯೂರುಗಳ ಹಳೆಯ ದುಃಖ. ಧೈರ್ಯವುಳ್ಳ ಮಕ್ಕಳು ಮನೆಗೆ ಭೂಷಣ. ಆದರೆ ಅವರು ಸಂಜೆಗೆ ಮನೆ ಸೇರಿದರಲ್ಲವೇ ಆ ಧೈರ್ಯವನ್ನು ನೋಡಿ ನಾವು ಹಿಗ್ಗುವದು?