ಯಂತ್ರದಲ್ಲಿ ಹಾದುಬಂದ ಕಂಠ

ತನ್ನ ಮುಖವನ್ನು ಕನ್ನಡಿಯಲ್ಲಿ ನೋಡಿ ಮೆಚ್ಚುವವರು ಹಲವರುಂಟು. ತನ್ನ ದನಿಯನ್ನು ಯಂತ್ರದಲ್ಲಿ ಕೇಳಿ ಮೆಚ್ಚುವವರು ವಿರಳ. ಮಾತನಾಡುವವನಿಗೆ ತನ್ನ ದನಿಯು ಗಾಳಿಯಿಂದ ಮಾತ್ರವಲ್ಲದೆ ತಲೆಯ ಮೂಳೆಗಳ ಮೂಲಕವೂ ಕಿವಿಗೆ ಮುಟ್ಟುವುದರಿಂದ ಅದು ತುಂಬಿಕೊಂಡು ಗಂಭೀರವಾಗಿ ಕೇಳುತ್ತದೆ. ಯಂತ್ರವಾದರೋ ಗಾಳಿಯ ಪಾಲನ್ನಷ್ಟೇ ಹಿಂದಿರುಗಿಸುವುದು. ಈ ಸಂಕೋಚವು ಸಾಮಾನ್ಯರದು ಮಾತ್ರವೆಂದು ತಿಳಿಯಬೇಕಾಗಿಲ್ಲ. ಇಂಗ್ಲೆಂಡಿನ ಬೀಟಲ್ಸ್ ತಂಡದ ಜಾನ್ ಲೆನನ್ನನ ಕಂಠಕ್ಕೆ ಲೋಕವೇ ಮರುಳಾಗಿದ್ದಾಗಲೂ ಅವನಿಗೆ ಅದು ಹಿಡಿಸುತ್ತಿರಲಿಲ್ಲ. ಹೇಗಾದರೂ ಬೇರೆಯಾಗಿ ಕೇಳಿಸಿರೆಂದು ಯಂತ್ರ ನಡೆಸುವವರನ್ನು ಪೀಡಿಸುತ್ತಿದ್ದನು.

1966ನೆಯ ಏಪ್ರಿಲ್ 6ರಂದು ಲಂಡನ್ನಿನ ಆಬಿ ರೋಡಿನ ಧ್ವನಿಮುದ್ರಣಾಲಯದಲ್ಲಿ 'ಟುಮಾರೊ ನೆವರ್ ನೋಸ್' ಎಂಬ ಹಾಡಿನ ಕೆಲಸ ಮೊದಲಾಯಿತು. ಈ ಸಲ ಅವನ ಬಯಕೆ ಇನ್ನೂ ವಿಚಿತ್ರವಾದುದು: ಬೆಟ್ಟದ ನೆತ್ತಿಯಿಂದ ಮಂತ್ರ ಹೇಳುವ ದಲಾಯಿ ಲಾಮಾರ ದನಿಯಂತೆ ತನ್ನ ದನಿ ಕೇಳಬೇಕು! ಇದಕ್ಕೆ ಉಪಾಯ ಹುಡುಕಿದವನು ಇಪ್ಪತ್ತೇ ವರ್ಷದ ಜೆಫ್ ಎಮೆರಿಕ್. ಹ್ಯಾಮಂಡ್ ಆರ್ಗನ್ನಿಗೆ ಜೋಡಿಸುವ ಲೆಸ್ಲಿ ಎಂಬ ಪೆಟ್ಟಿಗೆಯೊಂದುಂಟು. ಅದರೊಳಗೆ ಕಹಳೆಯೊಂದು ಗಿರಗಿರನೆ ತಿರುಗುತ್ತಿರುವುದು. ಕಹಳೆಯ ಬಾಯಿ ಇತ್ತ ಬರುವಾಗ ಶ್ರುತಿ ಕೂದಲೆಳೆಯಷ್ಟು ಏರಿ, ಅತ್ತ ಸರಿಯುವಾಗ ಇಳಿಯುತ್ತದೆ. ಹಾದುಹೋಗುವ ರೈಲಿನ ಕೂಗನ್ನು ಕೇಳಿದವರೆಲ್ಲ ಇದನ್ನು ಬಲ್ಲರು. ವಾದ್ಯದ ನಾದಕ್ಕಾಗಿ ಮಾಡಿದ ಆ ಪೆಟ್ಟಿಗೆಯೊಳಕ್ಕೆ ಎಮೆರಿಕ್ ಮನುಷ್ಯನ ಕಂಠವನ್ನು ಹಾಯಿಸಿ, ಹೊರಬಂದುದನ್ನು ಮತ್ತೆ ಮೈಕ್ರೊಫೋನಿನಿಂದ ಹಿಡಿದನು. ಹಾಡಿನ ಉತ್ತರಾರ್ಧದಲ್ಲಿ ಕೇಳುವುದು ಆ ದನಿಯೇ. ಲೆನನ್ನನಿಗೆ ಪರಮಾನಂದವಾಯಿತು. ತನ್ನನ್ನೇ ಹಗ್ಗದಲ್ಲಿ ತೂಗುಹಾಕಿ ಮೈಕ್ರೊಫೋನಿನ ಸುತ್ತ ತಿರುಗಿಸಬಾರದೇಕೆ ಎಂದೂ ಕೇಳಿದನಂತೆ!

ಅದೇ ವರ್ಷ ಅದೇ ಮುದ್ರಣಾಲಯದ ಕೆನ್ ಟೌನ್ಸೆಂಡ್ ಇನ್ನೊಂದು ಯುಕ್ತಿ ಮಾಡಿದನು. ದನಿಗೆ ಮೈ ಬರಲೆಂದು ಒಂದೇ ಸಾಲನ್ನು ಎರಡು ಬಾರಿ ಹಾಡಿ ಒಂದರ ಮೇಲೊಂದು ಕೂಡಿಸುವ ರೂಢಿ ಇದ್ದಿತು. ಲೆನನ್ನನಿಗೆ ಅದು ಬೇಸರದ ದುಡಿಮೆ. ಎರಡನೆಯ ಟೇಪು ಯಂತ್ರದಿಂದ ಅದೇ ದನಿಯನ್ನು ಕ್ಷಣದ ಅಲ್ಪಾಂಶದಷ್ಟು ತಡಮಾಡಿ ಕೂಡಿಸಿದರೆ, ಒಬ್ಬನೇ ಹಾಡಿದುದು ಇಬ್ಬರಂತಾಯಿತು.

ಸಂಗೀತ ಬಲ್ಲ ಹಿರಿಯರು ಇದಕ್ಕೆಲ್ಲ ಮೂಗು ಮುರಿಯುವರು. ಕಂಠವನ್ನು ಸಾಧನೆಯಿಂದ ತಿದ್ದಬೇಕಲ್ಲದೆ ಪೆಟ್ಟಿಗೆಯಿಂದ ತಿದ್ದುವುದು ಎಂತಹ ವಿದ್ಯೆ? ಆಕ್ಷೇಪಣೆ ಹಗುರವಾದುದಲ್ಲ. ಸ್ವರ ತಪ್ಪಿದುದನ್ನು ಮುಚ್ಚಲೆಂದೇ ಪ್ರತಿಧ್ವನಿಯನ್ನು ಸುರಿಯುವವರುಂಟು. ಅಡುಗೆ ಕೆಟ್ಟಾಗ ಖಾರ ಹೆಚ್ಚಿಸುವ ಜಾಣತನವದು. ಶ್ರುತಿದೋಷವನ್ನು ಗುಟ್ಟಾಗಿ ಸರಿಪಡಿಸಲು 1997ರಲ್ಲಿ ಬಂದ ಆಟೋ-ಟ್ಯೂನ್ ಎಂಬ ಸಾಧನವನ್ನು ಮರುವರ್ಷವೇ ಷೇರ್ ಎಂಬ ಗಾಯಕಿಯ 'ಬಿಲೀವ್' ಹಾಡಿನಲ್ಲಿ ಗುಟ್ಟಿಲ್ಲದೆ ಮೆರೆಯಿಸಿದರು: ಜಾರುವ ಸ್ವರವು ಮೆಟ್ಟಿಲು ಮೆಟ್ಟಿಲಾಗಿ ಒಡೆಯಿತು. ಆಮೇಲೆ ಅನುಕರಿಸಿದವರ ಹಿಂಡಿನಲ್ಲಿ ಆ ಹೊಸತನ ಸವೆದುಹೋದುದು ಬೇರೆ ಮಾತು.

ಆದರೆ ಯಂತ್ರವು ಹಾಡುಗಾರನ ಶ್ರಮವನ್ನು ತಗ್ಗಿಸುವುದೇ ನಿಯಮವೆನ್ನುವವರು 1977ರಲ್ಲಿ ಬರ್ಲಿನ್ ಗೋಡೆಯ ಸಮೀಪದ ಹಾನ್ಸಾ ಮುದ್ರಣಾಲಯದಲ್ಲಿ ನಡೆದುದನ್ನು ನೋಡಬೇಕು. ಡೇವಿಡ್ ಬೋವಿ 'ಹೀರೋಸ್' ಹಾಡಲು ನಿಂತಾಗ ಟೋನಿ ವಿಸ್ಕಾಂಟಿ ಮೂರು ಮೈಕ್ರೊಫೋನುಗಳನ್ನಿಟ್ಟನು: ಒಂದು ಬಾಯಿಂದ ಸುಮಾರು 9 ಅಂಗುಲದಲ್ಲಿ, ಇನ್ನೊಂದು 20 ಅಡಿಯಾಚೆ, ಮೂರನೆಯದು ವಿಶಾಲವಾದ ಆ ಸಭಾಂಗಣದಲ್ಲಿ ಸುಮಾರು 50 ಅಡಿ ದೂರ. ದೂರದ ಎರಡಕ್ಕೂ ಬಾಗಿಲಿಟ್ಟಂತೆ ಒಂದು ಏರ್ಪಾಡು. ಮೆಲ್ಲನೆ ಹಾಡಿದರೆ ಅವು ತೆರೆಯವು. ದನಿ ಏರಿದಾಗ ಎರಡನೆಯದು, ಇನ್ನೂ ಏರಿದಾಗ ಮೂರನೆಯದು ತೆರೆದು, ಇಡೀ ಕೋಣೆಯ ಅನುರಣನವು ನುಗ್ಗಿ ಬರುವುದು. ಗೋಡೆಯ ಬಳಿ ನಿಂತ ಪ್ರೇಮಿಗಳಿಬ್ಬರ ಹಾಡದು. ಮೊದಲ ಚರಣಗಳಲ್ಲಿ ಕಿವಿಯ ಬಳಿ ಪಿಸುನುಡಿಯಂತಿದ್ದ ಬೋವಿಯ ದನಿ, ಕೊನೆಗೆ ಬರುಬರುತ್ತ ಆ ದೂರದ ಬಾಗಿಲುಗಳನ್ನು ತೆರೆಯಿಸಲೆಂದೇ ಕೊರಳು ಬಿರಿಯುವಂತೆ ಕೂಗುತ್ತದೆ.