ಅಕ್ಷರಗಳ ಆಕಾಶ

ಗಣಕಯಂತ್ರದ ಮುಂದೆ ಕುಳಿತು ಆಡುವ ಆಟಗಳೆಂದರೆ ಗೃಹಸ್ಥರಾದವರಿಗೆ ಮುಖ ಸಿಂಡರಿಸುವುದು ರೂಢಿ. ವಾಚಕರಲ್ಲಿಯೂ ಅನೇಕರು ಈ ಪಂಗಡದವರೇ ಇರಬಹುದು. ಅಂಥದೊಂದು ಆಟದ ಪರವಾಗಿ ನಾವು ನಾಲ್ಕು ಮಾತು ಬರೆಯಹೊರಟಿರುವುದು ಅವರಿಗೆ ವಿಚಿತ್ರವಾಗಿ ತೋರೀತು. ತೋರಲಿ.

1966ರಿಂದ 1969ರವರೆಗೆ ಅಮೆರಿಕದ ಟೆಲಿವಿಷನ್ನಿನಲ್ಲಿ ‘ಸ್ಟಾರ್ ಟ್ರೆಕ್’ ಎಂಬ ಕಥಾಮಾಲೆ ನಡೆಯಿತು. ಎಂಟರ್‌ಪ್ರೈಸ್ ಎಂಬ ಹಡಗು ನಕ್ಷತ್ರಗಳ ನಡುವೆ ಸಂಚರಿಸುವುದೂ, ಕ್ಲಿಂಗನ್ನರೆಂಬ ಶತ್ರುಗಳು ಅದಕ್ಕೆ ಅಡ್ಡಬರುವುದೂ ಅದರ ವಸ್ತು. 79 ಕಂತುಗಳಿಗೆ ಅದು ನಿಂತುಹೋಯಿತು. ಆದರೆ 1971ರಲ್ಲಿ ಮೈಕ್ ಮೇಫೀಲ್ಡ್ ಎಂಬ ಪ್ರೌಢಶಾಲೆಯ ವಿದ್ಯಾರ್ಥಿಯೊಬ್ಬನು ಬೇಸಿಕ್ ಭಾಷೆಯಲ್ಲಿ ಅದನ್ನೊಂದು ಆಟವಾಗಿ ರಚಿಸಿದನು. ಅಂದಿನ ದಿನಗಳಲ್ಲಿ ಇಂಥ ಆಟಕ್ಕೆ ಚಿತ್ರವೂ ಇಲ್ಲ, ಅನೇಕ ಕಡೆಗಳಲ್ಲಿ ಪರದೆಯೂ ಇಲ್ಲ. ತಂತಿಮುದ್ರಣ ಯಂತ್ರವು ಪ್ರತಿ ನಡೆಗೂ ಕಾಗದದ ಮೇಲೆ ಆಕಾಶವನ್ನು ಅಚ್ಚೊತ್ತಿ ಕೊಡುತ್ತಿತ್ತು. ನಕ್ಷತ್ರಕ್ಕೊಂದು ಚುಕ್ಕಿಗುರುತು, ಶತ್ರುವಿಗೆ ಇನ್ನೊಂದು ಗುರುತು, ಅಷ್ಟೇ. ಡೇವಿಡ್ ಆಲ್ ಎಂಬವರು 1973ರಲ್ಲಿ ಇದನ್ನು ತಮ್ಮ ಪುಸ್ತಕದಲ್ಲಿ ಪ್ರಕಟಿಸಿದರು.

ನಮ್ಮ ಅಣ್ಣಂದಿರು ತಾರುಣ್ಯದಲ್ಲಿ ಇಂಥದೇ ಒಂದು ಪುಸ್ತಕದಿಂದ ಈ ಆಟವನ್ನು ಸಾಲುಸಾಲಾಗಿ ಬೆರಳಚ್ಚು ಮಾಡಿ ಯಂತ್ರಕ್ಕೆ ಉಣಿಸಿದವರು. ಮೂರು ವರ್ಷಗಳ ಹಿಂದೆ ಅವರಿಗೆ ಲಕ್ವ ಹೊಡೆದು, ಬಲಗೈಯೂ ಮಾತೂ ಒಟ್ಟಿಗೆ ಹೋದವು. ಎದುರಿಗಿರುವ ಲೋಟದ ಹೆಸರು ಬಾಯಿಗೆ ಬಾರದು. ಬರೆದು ತೋರಿಸೋಣವೆಂದರೆ ಅಕ್ಷರಗಳೂ ಕೈಕೊಟ್ಟವು. ಬುದ್ಧಿ ಮಾತ್ರ ಇದ್ದಂತೆಯೇ ಇದೆಯೆಂಬುದನ್ನು ನೋಡಬಂದವರು ತಿಳಿಯಲಾರದೆ, ಶಿಶುವಿನೊಡನೆ ಮಾತನಾಡುವಂತೆ ಅವರೊಡನೆ ಮಾತನಾಡಿ ಹೋಗುತ್ತಿದ್ದರು. ಆ ಹೊತ್ತಿನಲ್ಲಿ ಅಣ್ಣಂದಿರ ಮುಖವನ್ನು ನೋಡುವುದು ನಮಗೆ ಕಷ್ಟವಾಗುತ್ತಿತ್ತು.

ಅವರ ಮಗನು ಕಾಲಕ್ಷೇಪಕ್ಕಾಗಲೆಂದು ಹೊಸ ಆಟಗಳನ್ನು ತಂದನು. 2017ರ ‘ಬ್ರಿಜ್ ಕ್ರೂ’ ಎಂಬುದರಲ್ಲಿ ನಾಲ್ವರು ಒಬ್ಬರೊಡನೊಬ್ಬರು ಮಾತನಾಡಿಕೊಂಡು ಹಡಗನ್ನು ನಡೆಸಬೇಕು. ಬಹು ಸೊಗಸಾದ ಕಲ್ಪನೆ. ಆದರೆ ಮಾತಿಲ್ಲದವರಿಗೆ ಅದರಿಂದೇನು? ಅಣ್ಣಂದಿರು ಅದನ್ನು ಎಡಗೈಯಿಂದ ಅತ್ತ ಸರಿಸಿಬಿಟ್ಟರು.

ಹುಡುಗನಿಗೆ ಹಳೆಯದು ನೆನಪಾದುದು ಆಮೇಲೆ. ಆ ಆಟಕ್ಕೆ ಅಂಕೆಗಳೇ ಸಾಕು. 0 ಎಂದರೆ ಹಡಗನ್ನು ನಡೆಸುವುದು, 4 ಎಂದರೆ ಟಾರ್ಪೆಡೋ ಬಿಡುವುದು. ದಿಕ್ಕೂ ಅಂಕೆಯೇ, ಬಲಕ್ಕೆ 1, ಮೇಲಕ್ಕೆ 3, ಎಡಕ್ಕೆ 5. ಆಕಾಶವು 64 ಮನೆಗಳಾಗಿ ಹಂಚಿದೆ. ಒಂದೊಂದು ಮನೆಯೊಳಗೂ ಮತ್ತೆ 64 ಮನೆಗಳು. ದೂರದ ಮನೆಯಲ್ಲಿ ಏನಿದೆಯೆಂಬುದನ್ನು ಯಂತ್ರವು ಮೂರಂಕೆಯಲ್ಲಿ ತಿಳಿಸುತ್ತದೆ: 215 ಎಂದರೆ ಶತ್ರುಗಳು ಇಬ್ಬರು, ನಮ್ಮ ನೆಲೆ ಒಂದು, ನಕ್ಷತ್ರಗಳು ಐದು. ಕೊಟ್ಟ ದಿನಗಳೊಳಗೆ, 3000 ಪ್ರಮಾಣದ ಶಕ್ತಿಯಿಂದಲೂ 10 ಟಾರ್ಪೆಡೋಗಳಿಂದಲೂ ಶತ್ರುಗಳನ್ನೆಲ್ಲ ಮುಗಿಸಬೇಕು. ಶಕ್ತಿ ತೀರುತ್ತ ಬಂದರೆ ನೆಲೆಯನ್ನು ಸೇರಿ ಮತ್ತೆ ತುಂಬಿಸಿಕೊಳ್ಳಬಹುದು. ಅಣ್ಣಂದಿರು ಎಡಗೈಯ ಒಂದೇ ಬೆರಳಿನಿಂದ ಅಂಕೆಯೊತ್ತಿದರು. ಅಂದು ಊಟದ ಹೊತ್ತು ಮೀರಿತು.

ಈ ಆಟದಿಂದ ಮಾತು ಮರಳಿತೆಂದು ನಾವು ಬರೆಯುವುದಿಲ್ಲ; ಮರಳಲಿಲ್ಲ. ಮಾತಿನ ಅಭ್ಯಾಸಕ್ಕೆ ವೈದ್ಯರು ಗೊತ್ತುಮಾಡಿದ ಪಾಠಗಳು ಬೇರೆಯೇ ನಡೆಯುತ್ತಿವೆ, ಬಲು ನಿಧಾನವಾಗಿ. ಆದರೆ ಮನೆಯಲ್ಲಿ ಪ್ರತಿಯೊಂದಕ್ಕೂ ಇತರರ ಆಜ್ಞೆಯಲ್ಲಿರುವ ಮನುಷ್ಯನು ದಿನಕ್ಕೆ ಒಂದು ಗಂಟೆ ತಾನೇ ಆಜ್ಞೆಮಾಡುತ್ತಾನೆ. ಅತ್ತಿಗೆಯವರು ಮೊದಮೊದಲು ಬಾಗಿಲಲ್ಲಿ ನಿಂತು ನೋಡುತ್ತಿದ್ದವರು ಈಗ ಪಕ್ಕದಲ್ಲಿಯೇ ಕುಳಿತು, ರಂಗೋಲಿ ಬರೆದಿಡುವ ಪುಸ್ತಕದ ಹಿಂಬದಿಯಲ್ಲಿ ಮನೆಗಳನ್ನು ಗೀಚಿ, ಕಂಡುಬಂದ ಅಂಕೆಗಳನ್ನು ತುಂಬುತ್ತಾರೆ.

ಮೊನ್ನೆ ನಾವು ಹೋದಾಗ ಶಕ್ತಿ 400ಕ್ಕೆ ಇಳಿದಿತ್ತು, ಎದುರಿಗೆ ಮೂವರು ಶತ್ರುಗಳು. “ಮೊದಲು ನೆಲೆಗೆ ನಡೆಯಿರಿ, ಆಮೇಲೆ ಯುದ್ಧ” ಎಂದರು ಅತ್ತಿಗೆಯವರು. ಅಣ್ಣಂದಿರು ತಲೆಯಲ್ಲಾಡಿಸಿ 4ನ್ನು ಒತ್ತಿದರು. ಗುರಿ ತಪ್ಪಿತು, ಹಡಗು ನಾಶವಾಯಿತು. “ನಾನು ಹೇಳಲಿಲ್ಲವೇ?” ಎಂದು ಅತ್ತಿಗೆಯವರು ಗದರಿದರು. ಲಕ್ವ ಹೊಡೆದಂದಿನಿಂದ ಅವರು ಗಂಡನನ್ನು ಗದರಿದುದನ್ನು ನಾವು ಕೇಳಿರಲಿಲ್ಲ. ಅಣ್ಣಂದಿರು ಬಾಯಿ ಓರೆಯಾಗುವಂತೆ ನಕ್ಕು, ಹೊಸ ಪುಟ ತಿರುವೆಂದು ಪುಸ್ತಕದತ್ತ ಬೆರಳು ತೋರಿಸಿದರು.